ಚೆಟ್ಟಿನಾಡಿನ ಸೌಧಗಳ ಪುನರುಜ್ಜೀವನ

ಮನೆ ಎಷ್ಟೇ ಭದ್ರವಾಗಿದ್ದರೂ ಮನುಷ್ಯನ ವಾಸವಿಲ್ಲದೆ ಬಾಳದು. ಈ ಮಾತಿಗೆ ನಮ್ಮ ನೆರೆಯ ತಮಿಳುನಾಡಿನ ಚೆಟ್ಟಿನಾಡು ಉತ್ತಮ ನಿದರ್ಶನವಾಗಿದೆ.

ಕಾರೈಕುಡಿಯ ಸುತ್ತಲಿನ ಗ್ರಾಮಗಳ ಸಮೂಹಕ್ಕೆ ಈ ಹೆಸರು. ಇಲ್ಲಿಯ ನಗರತ್ತಾರ್ ವಣಿಕರು ಬರ್ಮಾ, ಸಿಂಹಳ, ಮಲಯಗಳಲ್ಲಿ ಲೇವಾದೇವಿ ನಡೆಸಿ ಗಳಿಸಿದ ಧನವನ್ನು ಸ್ವಗ್ರಾಮಗಳ ಗೃಹನಿರ್ಮಾಣಕ್ಕೆ ವಿನಿಯೋಗಿಸಿದರು. ಕಂಬಗಳಿಗೆ ಬರ್ಮಾದ ತೇಗ ಬಂದಿತು. ಮುಂದೆ ಜಗಲಿ, ಒಳಗೆ ಪಡಸಾಲೆ, ನಡುವೆ ತೆರೆದ ಅಂಗಳ, ಅದರ ಸುತ್ತ ವಿವಾಹಿತ ಪುತ್ರರಿಗೆ ಒಂದೊಂದು ಕೋಣೆ, ಹಿಂದೆ ಪಾಕಶಾಲೆ. ನಮ್ಮ ತೊಟ್ಟಿಮನೆಯನ್ನು ಬಲ್ಲವರಿಗೆ ಈ ವಿನ್ಯಾಸವು ಅಪರಿಚಿತವೆನಿಸದು.

1942ರಲ್ಲಿ ಬರ್ಮಾ ಜಪಾನೀಯರ ವಶವಾಯಿತು. ವ್ಯಾಪಾರದ ಬುಡವೇ ಅಲುಗಿತು. ತರುವಾಯ ಮಕ್ಕಳು ಮೊಮ್ಮಕ್ಕಳು ಉದ್ಯೋಗಾರ್ಥವಾಗಿ ದೂರದ ನಗರಗಳನ್ನು ಸೇರಿದರು. ಅನೇಕ ಮನೆಗಳ ಬಾಗಿಲು ಮದುವೆಗೋ ಹಬ್ಬಕ್ಕೋ ಮಾತ್ರ ತೆರೆಯುವಂತಾಯಿತು. ಹಕ್ಕುದಾರರು ಹಲವರಾದರು, ದುರಸ್ತಿಗೆ ಹೊಣೆಗಾರರು ಇಲ್ಲವಾದರು. ಒಂದು ಹೆಂಚು ಸರಿದರೆ ಮಳೆನೀರು ಇಳಿಯುವುದು, ತೊಲೆ ಕೊಳೆಯುವುದು, ಗೋಡೆ ಕುಸಿಯುವುದು. ಕೆಲವು ಸೌಧಗಳನ್ನು ಕೆಡವಿ ಕಂಬ, ಬಾಗಿಲುಗಳನ್ನು ಹಳೆಯ ಸಾಮಾನಿನ ಅಂಗಡಿಗಳಿಗೆ ಮಾರಿದ್ದೂ ಉಂಟು.

ಈ ವಿನಾಶಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು, ಸೌಧವನ್ನು ಕೆಲವೇ ಕೋಣೆಗಳ ಅತಿಥಿಗೃಹವಾಗಿ ಮಾರ್ಪಡಿಸುವುದು. ಕಾನಾಡುಕಾತ್ತಾನಿನ ‘ವಿಶಾಲಂ’, ಕೊತ್ತಮಂಗಲದ ‘ಶಾರದಾ ವಿಲಾಸ್’ ಇಂಥವು. ಎರಡನೆಯದನ್ನು ಜೀರ್ಣೋದ್ಧಾರ ಮಾಡಿದವರು ಫ್ರಾನ್ಸ್ ದೇಶದ ಇಬ್ಬರು ವಾಸ್ತುಶಿಲ್ಪಿಗಳು.

ಈ ಕಾರ್ಯದಲ್ಲಿ ಹಣಕ್ಕಿಂತ ವಿವೇಕವೇ ಮುಖ್ಯ. ಹಳೆಯ ಗೋಡೆಗಳು ಸುಣ್ಣದ ಗಾರೆಯವು. ಸುಣ್ಣವು ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವವು ಒಳಗೇ ಉಳಿದು ಗೋಡೆಯನ್ನು ಕೆಡಿಸುತ್ತದೆ. ಆದುದರಿಂದ ನುಣ್ಣನೆಯ ಸುಣ್ಣಕ್ಕೆ ಮೊಟ್ಟೆಯ ಬಿಳಿಭಾಗವನ್ನು ಬೆರೆಸಿ, ಕನ್ನಡಿಯಂತೆ ಹೊಳೆಯುವವರೆಗೆ ತಿಕ್ಕುವ ಪ್ರಾಚೀನ ವಿಧಾನವನ್ನು ಬಲ್ಲ ಕುಶಲಿಗಳು ಬೇಕು. ನೆಲಕ್ಕೆ ಆತ್ತಂಗುಡಿಯ ಬಿಲ್ಲೆಗಳು ಬೇಕು. ಗಾಜಿನ ಮೇಲೆ ಬಣ್ಣದ ಸಿಮೆಂಟ್ ಸುರಿದು ಕೈಯಿಂದಲೇ ಮಾಡುವ ಈ ಬಿಲ್ಲೆಗಳನ್ನು ಬೆಂಕಿಯಲ್ಲಿ ಸುಡುವುದಿಲ್ಲ. ತುಳಿದಷ್ಟೂ ಅವುಗಳ ಹೊಳಪು ಹೆಚ್ಚುತ್ತದೆ. ಹೀಗೆ ಮನೆಯೊಡನೆ ಕಸುಬೂ ಉಳಿಯುತ್ತದೆ.

ಹಿಂದೆ ಬಂಧುಗಳು ಕುಳಿತ ಜಗಲಿಯಲ್ಲಿ ಇಂದು ಹಣ ತೆತ್ತವರು ಕುಳಿತುಕೊಳ್ಳುವುದು ಉಚಿತವೇ ಎಂದು ಕೆಲವರು ಶಂಕಿಸಬಹುದು. ಶಂಕೆ ನಿರಾಧಾರವಲ್ಲ, ಹಣಕ್ಕೆ ದೊರೆಯುವ ಸತ್ಕಾರವು ಆತಿಥ್ಯಧರ್ಮಕ್ಕೆ ಸಮನಾಗದು. ಆದರೆ ಬೀಗ ಜಡಿದ ಮನೆಯಲ್ಲಿ ಯಾವ ಆತಿಥ್ಯವೂ ನಡೆಯದು. ದೀಪ ಹಚ್ಚುವವರು, ಅಂಗಳ ಗುಡಿಸುವವರು, ಮಳೆಗೆ ಮುನ್ನ ಹೆಂಚು ಸರಿಪಡಿಸುವವರು ಇದ್ದರೆ ಮನೆ ಉಳಿದೀತು. ಉಳಿದ ಮನೆಗೆ ಅದರ ಮಕ್ಕಳು ಎಂದಾದರೂ ಮರಳಿಯಾರು.

ಚೆಟ್ಟಿನಾಡಿನ ಗ್ರಾಮಸಮೂಹಗಳು 2014ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ನಮ್ಮ ಊರುಗಳಲ್ಲಿಯೂ ಹಳೆಯ ಮನೆಗಳು, ಶಾಲೆಗಳು, ಛತ್ರಗಳು ಅನೇಕವಿವೆ. ಹೊಸ ಕಟ್ಟಡಕ್ಕೆ ದಾನವಿತ್ತವರ ಹೆಸರು ಶಿಲೆಯಲ್ಲಿ ಮೂಡುತ್ತದೆ. ಹಳೆಯ ಹೆಂಚನ್ನು ಸರಿಪಡಿಸಿದವರ ಹೆಸರು ಎಲ್ಲಿಯೂ ಮೂಡುವುದಿಲ್ಲ. ಆದರೆ ಪೂರ್ವಿಕರ ದಾನವು ನೆಲಕ್ಕುರುಳದಂತೆ ಕಾಯುವುದು ಆ ಎರಡನೆಯ ದಾನವೇ ಎಂಬುದನ್ನು ಸಹೃದಯರು ಪರಿಭಾವಿಸಬೇಕಾಗಿ ಪ್ರಾರ್ಥನೆ.