ಬೆಂಕಿಗೆ ಮಣ್ಣು, ನೀರಿಗೆ ಸತು, ಹೊಗೆಗೆ ಮರ

ಬೀದರ್ ನಗರದಿಂದ ಪೂರ್ವಕ್ಕೆ ಸುಮಾರು 3 ಕಿಲೋಮೀಟರ್ ಹೋದರೆ ಅಷ್ಟೂರ. ಬಹಮನಿ ಸುಲ್ತಾನರ ಗುಂಬಜುಗಳು ಸಾಲಾಗಿ ನಿಂತ ಊರು. ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದ ಅಹಮದ್ ಶಾಹ ವಲಿಯ ಗೋರಿ ಇರುವುದೂ ಇಲ್ಲೇ. ಅವನನ್ನು ಅಲ್ಲಮಪ್ರಭು ಎಂದೇ ನಂಬುವ ಭಕ್ತರು ಇಂದಿಗೂ ಜಾತ್ರೆಗೆ ಬರುತ್ತಾರೆ. ಲೋಹದ ಮೇಲೆ ಬೆಳ್ಳಿ ಕೂರಿಸುವ ಬಿದರಿ ಕಲೆಯ ಹುಟ್ಟನ್ನು ಈ ಸುಲ್ತಾನರ ಕಾಲಕ್ಕೆ ಜೋಡಿಸುವುದು ವಾಡಿಕೆ. ಆದರೆ ಆ ಕಲೆಗೆ ಮುಂದೆ ಬಹುಕಾಲ ಅನ್ನ ಹಾಕಿದ ವಸ್ತುವನ್ನು ಇಲ್ಲಿ ಮಲಗಿದ ಯಾವ ಸುಲ್ತಾನನೂ ಕಂಡಿರಲಿಲ್ಲ. ಅದು ಹುಕ್ಕಾ, ಅಂದರೆ ಗುಡುಗುಡಿ. ಹೊಗೆಸೊಪ್ಪು ಪೋರ್ಚುಗೀಸರ ಮೂಲಕ ದಖ್ಖನಿಗೆ ಬಂದು ಹಬ್ಬುವ ಹೊತ್ತಿಗೆ ಬಹಮನಿ ರಾಜ್ಯ ಒಡೆದುಹೋಗಿತ್ತು.

ಸೇದುವ ಕೊಳವೆಯ ಆಯ್ಕೆಯ ಬಗ್ಗೆ ನಮ್ಮ ನಾಡಿಗೆ ಸೇರಿದ ಹಳೆಯ ದಾಖಲೆಯೊಂದಿದೆ. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರದಿಂದ ಮರಳುವಾಗ ಹೊಗೆಸೊಪ್ಪನ್ನು ಆಗ್ರಾಕ್ಕೆ ಒಯ್ದ. ಜೊತೆಗೆ ಬಾದಶಹನಿಗೆ ತಕ್ಕ ಕೊಳವೆಯನ್ನೂ ಸಿದ್ಧಮಾಡಿಸಿದ. ಅದರ ಕಾಂಡ ಸುಮಾತ್ರಾ ದ್ವೀಪದ ‘ಆಚೆ’ ಎಂಬ ನಾಡಿನಿಂದ ತರಿಸಿದ್ದು. ಮೂರು ಮೊಳ ಉದ್ದ, ಚೆನ್ನಾಗಿ ಒಣಗಿಸಿ ಬಣ್ಣ ಕಟ್ಟಿದ್ದು. ಬಾಯಿಗಿಡುವ ತುದಿಗೆ ಯೆಮನ್ನಿನ ಕೆಂಪು ಕಲ್ಲು, ಕೆಂಡದ ಬಟ್ಟಲಿಗೆ ಚಿನ್ನ. ಒಂದೊಂದು ಭಾಗಕ್ಕೆ ಒಂದೊಂದು ಕಡೆಯ ವಸ್ತುವನ್ನು ಅವನು ಹುಡುಕಿಸಿದ್ದ.

ಗುಡುಗುಡಿಯ ಜಾಣತನ ಇರುವುದೇ ಹೀಗೆ ಕೆಲಸ ಹಂಚುವುದರಲ್ಲಿ. ಯುರೋಪಿನ ಕೈಪೈಪಿನಲ್ಲಿ ಒಂದೇ ಮರ ಕೆಂಡವನ್ನೂ ತಾಳಬೇಕು, ಕೈಗೆ ಬಿಸಿಯನ್ನೂ ಮುಟ್ಟಿಸಬಾರದು. ಅದಕ್ಕಾಗಿ ಅಲ್ಲಿನವರು ಮೆಡಿಟರೇನಿಯನ್ ತೀರದ ಬ್ರಯರ್ ಗಿಡದ ಬುಡದ ಗಂಟನ್ನು ಅಗೆದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಬಳಸುತ್ತಾರೆ. ಅಂಟು ಒಸರುವ ಮರ, ಕಟುವಾಸನೆಯ ಮರ, ಎಳೆ ಸಡಿಲವಾದ ಮರ ಈ ಕೆಲಸಕ್ಕೆ ಬಾರದು. ಗುಡುಗುಡಿಯಲ್ಲಿ ಮರಕ್ಕೆ ಆ ಕಷ್ಟವಿಲ್ಲ. ಬೆಂಕಿಯನ್ನು ಸುಟ್ಟ ಮಣ್ಣಿನ ಚಿಲುಮೆ ಹೊರುತ್ತದೆ, ನೀರನ್ನು ಲೋಹದ ಬುಡ ಹಿಡಿಯುತ್ತದೆ. ಮರವೋ ಬಿದಿರೋ ಜೊಂಡೋ ಹೊಗೆಗೆ ದಾರಿ ಬಿಟ್ಟರೆ ಸಾಕು: ಹಗುರವಾಗಿರಬೇಕು, ಒಳಗೆ ನೇರ ತೂತು ಬೇಕು, ಒಣಗಿದಾಗ ಸೀಳಬಾರದು. ಸಂದಿನಲ್ಲಿ ಗಾಳಿ ನುಸುಳಿದರೆ ನೀರು ಗುಡುಗುಡಿಸುವುದಿಲ್ಲ. ಅದಕ್ಕೇ ಕೂಡುವಲ್ಲಿ ಬಟ್ಟೆ ಸುತ್ತಿ ಬಿಗಿ ಮಾಡುತ್ತಾರೆ.

ಬೀದರಿನವರು ತಮ್ಮ ಪಾಲಿಗೆ ಇಟ್ಟುಕೊಂಡದ್ದು ಬುಡ. ಸತುವಿಗೆ ಸ್ವಲ್ಪ ತಾಮ್ರ, ಸಾಮಾನ್ಯವಾಗಿ 16ಕ್ಕೆ 1ರ ಲೆಕ್ಕದಲ್ಲಿ, ಬೆರೆಸಿ ಮಣ್ಣಿನ ಅಚ್ಚಿಗೆ ಎರೆಯುತ್ತಾರೆ. ಸತು 420 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಎರಕ ಸುಲಭ. ಅದೇ ಕಾರಣಕ್ಕೆ ಅದು ಕೆಂಡದ ಬಟ್ಟಲಾಗಲು ಯೋಗ್ಯವಲ್ಲ. ನೀರಿದ್ದರೂ ಕಬ್ಬಿಣದಂತೆ ತುಕ್ಕು ತಿನ್ನುವುದಿಲ್ಲ. ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಚೂಪು ಮೊನೆಯಿಂದ ಹೂಬಳ್ಳಿ ಬರೆಯುತ್ತಾರೆ. ಉಳಿಯಿಂದ ಗೀರು ಕೊರೆದು ಬೆಳ್ಳಿ ತಂತಿಯನ್ನು, ತಗಡನ್ನು ಬಡಿದು ಕೂರಿಸುತ್ತಾರೆ. ಹಳೆಯ ಬುಡಗಳು ದುಂಡಗಿದ್ದು, ನಿಲ್ಲಲು ಕೆಳಗೆ ಬಳೆ ಬೇಕಾಗುತ್ತಿತ್ತು. 18ನೇ ಶತಮಾನದಲ್ಲಿ ಅಗಲ ತಳದ, ಗಂಟೆಯಾಕಾರದ ಬುಡಗಳು ಬಂದು ಜಮಖಾನೆಯ ಮೇಲೆ ತಾವಾಗಿ ನಿಂತವು.

ನನಗೆ ಅತಿ ಪ್ರಿಯವಾದ ಹಂತ ಕಡೆಯದು. ಬೀದರ್ ಕೋಟೆಯ ಹಳೆಯ ಭಾಗಗಳಲ್ಲಿ, ಬಿಸಿಲು ಮಳೆ ತಾಗದ ಕಡೆಯ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. ಅದರಲ್ಲಿನ ಉಪ್ಪಿನ ಹದ ನಾಲಿಗೆಗೇ ಗೊತ್ತು. ಆ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಬುಡಕ್ಕೆ ಹಚ್ಚಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಲೋಹದಲ್ಲಿ ಆ ಸ್ವಲ್ಪ ತಾಮ್ರ ಇಲ್ಲದಿದ್ದರೆ ಈ ಕಪ್ಪು ಬಾರದು. ಮರ ಆರಿಸುವ ಬಡಗಿಯ ಕಣ್ಣಿನಷ್ಟೇ ಮಣ್ಣು ಆರಿಸುವ ಈ ನಾಲಿಗೆಗೂ ಪಳಗಿಕೆ ಬೇಕು.

ಹೊಗೆ ನೀರಿನಲ್ಲಿ ಹಾದುಬಂದರೂ ವಿಷ ವಿಷವೇ. 2024ರಲ್ಲಿ ಕರ್ನಾಟಕ ಸರ್ಕಾರ ಹುಕ್ಕಾ ಸೇವನೆ, ಮಾರಾಟ ನಿಷೇಧಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಕಲೆ ಅಷ್ಟರೊಳಗೆ ಬೇರೆ ದಾರಿ ಹಿಡಿದಾಗಿತ್ತು: ಹೂದಾನಿ, ಡಬ್ಬಿ, ಓಲೆ, ಬಳೆ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾಹ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು.

ಹೈದರಾಬಾದಿನ ಸಾಲಾರ್ ಜಂಗ್, ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಗಳಲ್ಲಿ ಬಿದರಿ ಹುಕ್ಕಾಗಳಿವೆ. ಆದರೆ ಇಂಥ ಸಂಗ್ರಹಗಳಲ್ಲಿ ಹೆಚ್ಚಾಗಿ ಉಳಿದಿರುವುದು ಬುಡವೊಂದೇ. ಚಿಲುಮೆ ಒಡೆದುಹೋಯಿತು, ಕೊಳವೆ ಹುಳ ಹಿಡಿದೋ ಸೀಳಿಯೋ ಹಾಳಾಯಿತು. ಬೆಳ್ಳಿಯಿಲ್ಲದ ವಸ್ತುವನ್ನು ಯಾರೂ ಎತ್ತಿಡಲಿಲ್ಲ. ಬೀದರ್, ಭಾಲ್ಕಿ, ಔರಾದಿನ ಹಳೆಯ ಮನೆಗಳ ಅಟ್ಟದಲ್ಲಿ ಇಂಥ ಕೊಳವೆ ಸಿಕ್ಕರೆ ಒಲೆಗೆ ಹಾಕಬೇಡಿ. ಮರ ಬಲ್ಲ ಬಡಗಿಗೆ ತೋರಿಸಿ ಅದು ಯಾವ ಮರದ್ದೆಂದು ಕೇಳಿ, ಮನೆಯ ಹಿರಿಯರಿಂದ ಅದರ ಕಥೆಯನ್ನೂ ಕೇಳಿ ಬರೆದಿಡಿ.