ನಿಧಾನದ ತಟ್ಟೆ ಹೇಳುವ ನಿಜ

ಉದ್ಯಾನದಲ್ಲೊಂದು ಕಂಬ. ಅದರ ತಲೆಯಿಂದ ಸುತ್ತಲೂ ಇಳಿಬಿದ್ದ ಸರಪಳಿಗಳು, ಕೆಳಗೊಂದು ತಂತಿಯ ಬುಟ್ಟಿ. ದೂರದಿಂದ ಆಟಗಾರ ಪ್ಲಾಸ್ಟಿಕ್ ತಟ್ಟೆಯೊಂದನ್ನು ಎಸೆಯುತ್ತಾನೆ. ಅದು ಬಿದ್ದಲ್ಲಿಗೆ ನಡೆದುಹೋಗಿ ಅಲ್ಲಿಂದ ಮತ್ತೆ ಎಸೆಯುತ್ತಾನೆ. ಕೊನೆಗೆ ತಟ್ಟೆ ಸರಪಳಿಗೆ ಬಡಿದು, ಝಣ್ ಎಂದು ಬುಟ್ಟಿಗೆ ಬೀಳುತ್ತದೆ. ಇದೇ ಡಿಸ್ಕ್ ಗಾಲ್ಫ್. ಸಾಮಾನ್ಯವಾಗಿ 18 ಬುಟ್ಟಿಗಳಿರುತ್ತವೆ. ಕಡಿಮೆ ಎಸೆತಗಳಲ್ಲಿ ಎಲ್ಲವನ್ನೂ ಮುಗಿಸಿದವರೇ ಗೆದ್ದವರು.

ಈ ಆಟ ಬೆಳೆದದ್ದು ಅಮೆರಿಕದಲ್ಲಿ. ಫ್ರಿಸ್ಬಿ ಮಾರುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ ಹೆಡ್ರಿಕ್ ಎಂಬುವರು 1975ರಲ್ಲಿ ಲಾಸ್ ಏಂಜಲೀಸ್ ಬಳಿಯ ಓಕ್ ಗ್ರೋವ್ ಪಾರ್ಕಿನಲ್ಲಿ ಇದಕ್ಕಾಗಿ ಶಾಶ್ವತ ಅಂಗಳ ಮಾಡಿಸಿದರು. ಆಗ ಬುಟ್ಟಿ ಇರಲಿಲ್ಲ, ನೆಟ್ಟ ಕಂಬಗಳೇ ಗುರಿ. ಸರಪಳಿ ಬುಟ್ಟಿಯೂ ಮುಂದೆ ಅವರ ಕೈಯಿಂದಲೇ ಬಂತು. 1983ರಲ್ಲಿ ಡೇವ್ ಡುನಿಪೇಸ್ ಅಂಚನ್ನು ಇಳಿಜಾರಾಗಿಸಿ ಹೊಸ ಡಿಸ್ಕ್ ಮಾಡಿದ ಮೇಲೆ ಎಸೆತದ ದೂರ ಹೆಚ್ಚಿತು. ಅಲ್ಲಿಂದ ಶುರುವಾಯಿತು ವೇಗದ ಮೋಹ.

ಇಂದು ಅನೇಕ ಡಿಸ್ಕ್‌ಗಳ ಮೇಲೆ ನಾಲ್ಕು ಸಂಖ್ಯೆಗಳನ್ನು ಮುದ್ರಿಸಿರುತ್ತಾರೆ. ಮೊದಲನೆಯದು ಸ್ಪೀಡ್. ಬುಟ್ಟಿಯ ಹತ್ತಿರ ಬಳಸುವ ಪಟ್ಟರ್‌ಗೆ 2 ಅಥವಾ 3, ಮಿಡ್‌ರೇಂಜ್‌ಗೆ 4 ಅಥವಾ 5. ದೂರ ಹೋಗುವ ಡ್ರೈವರ್‌ಗಳಲ್ಲಿ 12, 13 ಕೂಡ ಇರುತ್ತದೆ. ಅಂಗಡಿಗೆ ಹೋದ ಮೊಮ್ಮಗ ಯಾವುದನ್ನು ಕೈಗೆತ್ತಿಕೊಳ್ಳುತ್ತಾನೆ, ಹೇಳಿ? ಹದಿಮೂರನ್ನೇ!

ಮಕ್ಕಳೇ, ಇಲ್ಲೊಂದು ಗುಟ್ಟಿದೆ. ಆ ಸಂಖ್ಯೆ ಡಿಸ್ಕ್ ನಿಮಗೆ ಕೊಡುವ ವೇಗವಲ್ಲ, ನಿಮ್ಮಿಂದ ಕೇಳುವ ವೇಗ. ಬ್ಯಾಂಕಿನಲ್ಲಿ ದುಡಿದ ನನ್ನ ಲೆಕ್ಕದಲ್ಲಿ ಅದು ಜಮೆಯಲ್ಲ, ಖರ್ಚು. ಖಾತೆಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಚೆಕ್ ವಾಪಸು ಬರುವಂತೆ, ತೋಳಿನಲ್ಲಿ ಅಷ್ಟು ವೇಗವಿಲ್ಲದಿದ್ದರೆ ಡ್ರೈವರ್ ಬೇಗ ಸೋತು ನೆಲಕ್ಕಿಳಿಯುತ್ತದೆ. ಬಲಗೈಯನ್ನು ಎದೆಯ ಅಡ್ಡಕ್ಕೆ ಎಳೆದು ಎಸೆಯುವವರಿಗೆ ಅದು ಎಡಕ್ಕೆ ವಾಲುತ್ತದೆ. ಚೆನ್ನಾಗಿ ಎಸೆದರೂ ಎಡಕ್ಕೆ, ಕೆಟ್ಟದಾಗಿ ಎಸೆದರೂ ಎಡಕ್ಕೆ. ಹಾಗಾದರೆ ತಪ್ಪು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಕಲಿಯುವ ಹುಡುಗ ಇನ್ನಷ್ಟು ಬಲ ಹಾಕುತ್ತಾನೆ, ಭುಜ ನೋಯಿಸಿಕೊಳ್ಳುತ್ತಾನೆ. ಕೊನೆಗೆ "ನನಗೆ ಇದು ಬರುವುದಿಲ್ಲ" ಎಂದು ಡಿಸ್ಕನ್ನು ಮೂಲೆಗೆ ಹಾಕುತ್ತಾನೆ. ನಷ್ಟವಾಗುವುದು ಆಟಕ್ಕಲ್ಲ, ಮಗುವಿನ ಧೈರ್ಯಕ್ಕೆ.

ಪಟ್ಟರ್ ಹಾಗಲ್ಲ. ಅದರ ಅಂಚು ಮೊಂಡು. ಕಡಿಮೆ ವೇಗದಲ್ಲೂ ತೇಲುತ್ತದೆ, ಕೈ ಮಾಡಿದ್ದನ್ನು ಮುಚ್ಚಿಡದೆ ತೋರಿಸುತ್ತದೆ. ಗಡಗಡ ನಡುಗುತ್ತಾ ಹೋಯಿತೇ? ಬಿಡುವಾಗ ಮಣಿಕಟ್ಟು ಅಲುಗಿದೆ. ಗಾಳಿಪಟದಂತೆ ಮೇಲೇರಿ, ನಿಂತು, ಧೊಪ್ಪೆಂದು ಬಿತ್ತೇ? ಮುಂದಿನ ಅಂಚು ಮೇಲಕ್ಕಿತ್ತು. ಒಂದು ಪಕ್ಕಕ್ಕೆ ಜಾರಿತೇ? ಬಿಡುವಾಗಲೇ ಡಿಸ್ಕ್ ಆ ಕಡೆಗೆ ಓರೆಯಾಗಿತ್ತು. ಬುಗುರಿ ಚೆನ್ನಾಗಿ ತಿರುಗಿದರೆ ಮಾತ್ರ ನೆಟ್ಟಗೆ ನಿಲ್ಲುವಂತೆ, ಡಿಸ್ಕ್ ಕೂಡ ಚೆನ್ನಾಗಿ ತಿರುಗಿದರೆ ಮಾತ್ರ ಸ್ಥಿರವಾಗಿ ಹಾರುತ್ತದೆ.

ಸಂಗೀತ ಕಲಿತ ಅಜ್ಜಿಯರಿಗೆ ಇದು ಹೊಸದಲ್ಲ. ಸರಳೆ ವರಸೆಯನ್ನು ಒಂದನೇ ಕಾಲದಲ್ಲಿ ಹಾಡಿದರೆ ಶ್ರುತಿ ಜಾರಿದ್ದು ತಕ್ಷಣ ಕೇಳಿಸುತ್ತದೆ. ಮೂರನೇ ಕಾಲದ ಓಟದಲ್ಲಿ ಅದು ಅಡಗಿಕೊಳ್ಳುತ್ತದೆ. ಅದಕ್ಕೇ ಪಾಠ ನಿಧಾನದಿಂದ ಶುರು.

ಅಭ್ಯಾಸ ಹೀಗಿರಲಿ. ಜನರಿಲ್ಲದ ಬಯಲಿನಲ್ಲಿ 20 ಮೀಟರ್ ದೂರಕ್ಕೊಂದು ಗುರಿ ಇಡಿ. ಓಡಿ ಬರುವುದು ಬೇಡ, ನಿಂತಲ್ಲಿಂದಲೇ ಅರ್ಧ ಬಲದಲ್ಲಿ ಎಸೆಯಿರಿ. ಡಿಸ್ಕ್ ಎದೆಯ ಮಟ್ಟದಲ್ಲಿ, ನೆಲಕ್ಕೆ ಸಮವಾಗಿ, ನೇರ ಗೆರೆಯಲ್ಲಿ ಬರಲಿ. ಅಜ್ಜ ಹಿಂದೆ ನಿಂತು ಹತ್ತರಲ್ಲಿ ಎಷ್ಟು ನಡುಗದೆ ಹೋಯಿತೆಂದು ಪುಸ್ತಕದಲ್ಲಿ ಬರೆಯಲಿ. ಎಂಟು ಬಂದರೆ 30 ಮೀಟರ್. ಅಲ್ಲೂ ಎಂಟು ಬಂದರೆ ಮಿಡ್‌ರೇಂಜ್. ಆಮೇಲೆ ಸ್ಪೀಡ್ 6 ಅಥವಾ 7ರ ಡ್ರೈವರ್. ಎಸೆತ ಕೆಟ್ಟಿತೆನಿಸಿದ ದಿನ ಮತ್ತೆ ಪಟ್ಟರ್‌ಗೆ ಮರಳುವುದು ಹಿಂಬಡ್ತಿಯಲ್ಲ, ಖಾತೆಯ ತಾಳೆ ನೋಡಿದಂತೆ.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿರುವ ಅಜ್ಜ-ಅಜ್ಜಿಯರು ಹತ್ತಿರದ ಪಾರ್ಕಿನಲ್ಲಿ ಈ ಬುಟ್ಟಿಗಳಿವೆಯೇ ನೋಡಿ. ಹಲವು ಕಡೆ ಶುಲ್ಕವೂ ಇಲ್ಲ. ಪಟ್ಟರ್ ಎಸೆಯಲು ಎಳೆಯರ ತೋಳೇ ಬೇಕಿಲ್ಲ, ನಮ್ಮ ಕೈಯಲ್ಲೂ ಆಗುತ್ತದೆ. ಊರಲ್ಲೇ ಇರುವವರಿಗೂ ಚಿಂತೆಯಿಲ್ಲ. ಆಟಿಕೆ ಅಂಗಡಿಯ ಸಾಮಾನ್ಯ ಫ್ರಿಸ್ಬಿ ನಿಧಾನದ ಡಿಸ್ಕೇ. ಹೆಡ್ರಿಕ್ ಅವರ ಮೊದಲ ಆಟಗಾರರಿಗೆ ಕಂಬ ಸಾಕಾಗಿತ್ತು, ನಿಮಗೆ ಶಾಲೆಯ ಮೈದಾನದ ಒಂದು ಮರ ಸಾಕು. ಭಾನುವಾರ ಬೆಳಗ್ಗೆ ಹತ್ತು ಎಸೆದು ನೋಡಿ, ಎಷ್ಟು ನೇರ ಹೋಯಿತೆಂದು ಬರೆದಿಡಿ. ಮುಂದಿನ ಭಾನುವಾರ ಆ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಸಾಕು.