ಕಡಲ ತಳದ ಹೆಮ್ಮೀನಿಗೆ ಎಂಥ ಕೋಲು?

ಮಲೆನಾಡಿನವರಿಗೆ ಮೀನು ಹಿಡಿಯುವ ವಿದ್ಯೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿಬರುವ ಹತ್ತುಮೀನಿಗೆ ಕೂಣಿಯೊಡ್ಡುವುದು, ಬೇಸಗೆಯಲ್ಲಿ ಮಡುವಿನ ದಡದಲ್ಲಿ ಗಾಳ ಬಿಟ್ಟು ಕಾಯುವುದು ಇವೆಲ್ಲ ವಸ್ತಾರೆಯಿಂದ ಮೂಡಿಗೆರೆ, ಕಳಸಗಳವರೆಗಿನ ಕಾಫಿಯ ಸೀಮೆಗೆ ಪರಿಚಿತವಾದ ಸಂಗತಿಗಳೇ. ಮೂಡಿಗೆರೆಯಲ್ಲಿ ನೆಲಸಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರಿಗೆ (1938–2007) ಗಾಳದ ಮೇಲಿದ್ದ ಒಲವನ್ನು ಅವರ ಓದುಗರೆಲ್ಲರೂ ಬಲ್ಲರು. ಆದರೆ ಹೊಳೆಯಲ್ಲಿ ಪಳಗಿದ ಕೈ, ಅದೇ ಕೋಲನ್ನು ಹಿಡಿದು ಚಾರ್ಮಾಡಿ ಘಟ್ಟವನ್ನಿಳಿದು ಕಡಲಿಗೆ ಹೋದರೆ, ಅಲ್ಲಿ ಮೊದಲು ಸೋಲುವುದು ಕೈಯಲ್ಲ, ಕೋಲು.

ಇದಕ್ಕೆ ಕಾರಣವನ್ನು ಮೀನಿನ ಸ್ವಭಾವದಲ್ಲಿಯೇ ಹುಡುಕಬೇಕು. ನಮ್ಮ ನದಿಗಳ ರಾಜನೆನಿಸಿದ ಮಹಶೀರ್ ಗಾಳ ಕಚ್ಚಿದೊಡನೆ ಹರಿವಿನಲ್ಲಿ ದೂರ ಓಡುತ್ತದೆ. ಹಿಡಿಯುವವನು ದಾರವನ್ನು ಬಿಡುತ್ತ, ಎಳೆಯುತ್ತ ಅದನ್ನು ದಣಿಸಬಹುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿ ನದಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಗಾಳದಿಂದ ಹಿಡಿದುದು ಪ್ರಸಿದ್ಧವಾಗಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸುಲ್ಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ಗಾಳದ ಗ್ರಂಥದಲ್ಲಿಯೂ ಮಹಶೀರಿಗೇ ಅಗ್ರಪೂಜೆ. ಹೀಗೆ ಗಾಳದ ಕೋಲೆಂದರೆ ಉದ್ದವಾಗಿ, ನಯವಾಗಿ ಬಳುಕಬೇಕೆಂಬ ಎಣಿಕೆ ಹೊಳೆಯಿಂದಲೇ ನಮ್ಮಲ್ಲಿ ಬೇರೂರಿದೆ.

ಕಡಲ ತಳದ ಮುರು ಮೀನಿನ ರೀತಿ ಬೇರೆ. ಕರಾವಳಿಯ ಬಂಡೆಗಳಲ್ಲಿ, ಮುರುಡೇಶ್ವರದ ಮುಂದಣ ನೇತ್ರಾಣಿ ನಡುಗಡ್ಡೆಯ ಸುತ್ತಣ ಹವಳದ ಸಂದುಗಳಲ್ಲಿ ಅದು ಹೊಂಚಿ ಕುಳಿತಿರುತ್ತದೆ. ಎರೆಯನ್ನು ನುಂಗಿದೊಡನೆ ಅದು ದೂರ ಓಡುವುದಿಲ್ಲ; ಹೊರಳಿ ತನ್ನ ಪೊಟರೆಗೆ ನುಗ್ಗುತ್ತದೆ. ಒಳಹೊಕ್ಕು ಕಿವಿರನ್ನೂ ಈಜುರೆಕ್ಕೆಗಳನ್ನೂ ಅಗಲಿಸಿ ಬಂಡೆಗೆ ಒತ್ತಿಕೊಂಡಿತೆಂದರೆ ಅದನ್ನು ಎಳೆದು ತೆಗೆಯುವುದು ಬಹಳ ಕಷ್ಟ. ಆದುದರಿಂದ ಮೊದಲ ಕೆಲವು ಕ್ಷಣಗಳಲ್ಲಿಯೇ ಅದರ ತಲೆಯನ್ನು ಮೇಲಕ್ಕೆ ತಿರುಗಿಸಿ, ತಳದಿಂದ ಒಂದೆರಡು ಮಾರು ಎತ್ತಬೇಕು. ಆಗ ಬಳುಕುವ ಕೋಲಿನಿಂದ ಪ್ರಯೋಜನವೇನು? ಅದು ಬಾಗುವಷ್ಟರಲ್ಲಿ ಮೀನು ಮನೆ ಸೇರಿರುತ್ತದೆ.

ಮೊದಲನೆಯದಾಗಿ ಉದ್ದದ ವಿಚಾರ. ಹೊಳೆಯ ದಡದಲ್ಲಿ ನಿಂತು ದೂರಕ್ಕೆ ಬೀಸಿ ಎಸೆಯಲು 8–10 ಅಡಿಯ ಕೋಲು ಬೇಕಾದೀತು. ದೋಣಿಯಿಂದ ತಳಕ್ಕೆ ಗಾಳ ಬಿಡುವಾಗ ಎಸೆತವೇ ಇಲ್ಲ. ಸೀಸದ ಗುಂಡಿನೊಡನೆ ಎರೆ ನೇರವಾಗಿ ಕೆಳಗಿಳಿಯುತ್ತದೆ. ಇಲ್ಲಿ ಐದೂವರೆಯಿಂದ ಏಳು ಅಡಿ ಸಾಕು. ಶಾಲೆಯಲ್ಲಿ ಸನ್ನೆಯ ಪಾಠ ಓದಿದವರಿಗೆ ಇದರ ಮರ್ಮ ಸುಲಭವಾಗಿ ಹೊಳೆಯುತ್ತದೆ. ಕೋಲಿನ ಬುಡವನ್ನು ಸೊಂಟದ ಪಟ್ಟಿಗೆ ಊರಿ, ಎರಡು ಅಡಿ ಮುಂದೆ ಕೈಯಿಟ್ಟು, 6 ಅಡಿಯ ಕೋಲಿನ ತುದಿಯಲ್ಲಿ 10 ಕಿಲೋ ಭಾರವನ್ನು ಎತ್ತಬೇಕಾದರೆ ಕೈಗೆ ಬೀಳುವ ಹೊರೆ 30 ಕಿಲೋ. ಕೋಲು 9 ಅಡಿಯದಾದರೆ ಅದೇ ಹೊರೆ 45 ಕಿಲೋ! ಕೋಲು ಬಾಗಿದಂತೆ ಈ ಲೆಕ್ಕ ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಉದ್ದನೆಯ ಕೋಲು ಮೀನಿಗೇ ನೆರವಾಗುತ್ತದೆಂಬ ತತ್ತ್ವ ಮಾತ್ರ ಬದಲಾಗದು.

ಎರಡನೆಯದು ಬಲ. ಕೋಲಿನ ಬುಡದ ಬಳಿ ಅದು ತಾಳುವ ದಾರದ ಅಳತೆಯನ್ನು ಪೌಂಡುಗಳಲ್ಲಿ ಅಚ್ಚುಹಾಕಿರುತ್ತಾರೆ. ದೊಡ್ಡ ತಳಮೀನಿಗೆ 50 ಪೌಂಡಿನ ದಾರವನ್ನು ಹೊಂದಿಸಿದರೆ, ರೀಲಿನ ಬಿಗಿತವನ್ನು ಅದರ ಮೂರನೆಯ ಒಂದು ಪಾಲಿಗಿಂತ, ಎಂದರೆ ಸುಮಾರು 7 ಕಿಲೋಗಿಂತ, ಹೆಚ್ಚಿಸದಿರುವುದು ರೂಢಿ. ಆ ಎಳೆತಕ್ಕೆ ಕೋಲಿನ ತುದಿ ಬಾಗಬೇಕು, ಬುಡ ಅಲುಗಬಾರದು. ಅಂಗಡಿಯಲ್ಲಿ ಕೋಲನ್ನು ಗಾಳಿಯಲ್ಲಿ ಝಾಡಿಸಿ ನೋಡಿದರೆ ಇದು ತಿಳಿಯದು. ಬಳೆಗಳ ಮೂಲಕ ದಾರ ಪೋಣಿಸಿ, ಅದರ ತುದಿಯನ್ನು ಜೊತೆಯವರ ಕೈಗೆ ಕೊಟ್ಟು ಎಳೆಸಬೇಕು. ಬಾಗಿದ ಕೋಲಿನ ಮೈಗೆ ದಾರ ಎಲ್ಲಿಯೂ ತಾಗಕೂಡದು; ತಾಗಿದರೆ ಬಳೆಗಳು ಸಾಲವೆಂದೇ ಅರ್ಥ.

ಮೂರನೆಯದು ಕೋಲಿನ ದ್ರವ್ಯ. ಹಿಂದೆ ‘ಕಲ್ಕತ್ತೆಯ ಬಿದಿರು’ ಎಂಬ ಹೆಸರಿನಿಂದ ಪಾಶ್ಚಾತ್ಯರ ಕೋಲುಗಳಿಗೆ ಒದಗುತ್ತಿದ್ದುದು ನಮ್ಮ ಭದ್ರಾ ಕಾಡುಗಳಲ್ಲಿಯೂ ಬೆಳೆಯುವ ಗಂಡುಬಿದಿರಿನ ಜಾತಿಯೇ. ಎರಡನೆಯ ಮಹಾಯುದ್ಧದ ತರುವಾಯ ಗಾಜಿನ ನಾರಿನ ಕೋಲುಗಳೂ, 1970ರ ದಶಕದಲ್ಲಿ ಕಾರ್ಬನ್ ಕೋಲುಗಳೂ ಬಂದುವು. ಕಾರ್ಬನ್ ಹಗುರ, ಚುರುಕು; ಆದರೆ ದೋಣಿಯ ಅಂಚಿಗೆ ಬಡಿದು ಒಮ್ಮೆ ಗಾಯವಾದರೆ ಮುಂದೆ ಭಾರ ಬಿದ್ದಾಗ ಫಕ್ಕನೆ ಮುರಿಯಬಹುದು. ಗಾಜಿನ ನಾರು ತೂಕ ಹೆಚ್ಚಾದರೂ ಒರಟು ಕೈಯನ್ನು ಸಹಿಸಿಕೊಳ್ಳುತ್ತದೆ. ವರ್ಷಕ್ಕೆ ಒಂದೆರಡು ಸಲ ಕಡಲಿಗಿಳಿಯುವ ಬೆಟ್ಟದವರಿಗೆ ಗಾಜಿನ ನಾರಿನದು, ಇಲ್ಲವೆ ಎರಡೂ ಬೆರೆತದ್ದು, ಲೇಸು. ಬಳೆಗಳೂ ರೀಲು ಕೂರುವ ಪೀಠವೂ ಉಪ್ಪಿಗೆ ತುಕ್ಕು ಹಿಡಿಯದವಾಗಿರಬೇಕು. ಮನೆಗೆ ಮರಳಿದೊಡನೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಒರಸಿಡಬೇಕು.

ಒಂದು ಕೋಲಿಗೆ ಇಷ್ಟೆಲ್ಲ ವಿಚಾರವೇಕೆಂದು ಕೆಲವರು ನಗಬಹುದು. ಮುರಿದರೆ ಹೋದದ್ದು ಹಣ ತಾನೆ ಎನ್ನಬಹುದು. ಹಾಗಲ್ಲ. ಅಶಕ್ತವಾದ ಕೋಲಿನಿಂದ ತಪ್ಪಿಸಿಕೊಂಡ ಮೀನು ಬದುಕಿಕೊಂಡಿತೆಂದು ತಿಳಿಯುವುದು ಭ್ರಮೆ. ಬಾಯಲ್ಲಿ ಗಾಳ, ಅದರ ಹಿಂದೆ ಕೆಲವು ಮಾರು ದಾರ. ದಾರ ಬಂಡೆಗೆ ಸುತ್ತಿಕೊಂಡರೆ ಮೀನು ತನ್ನ ಪೊಟರೆಯಲ್ಲಿಯೇ ಸೆರೆಯಾಗಿ ಸಾಯಬೇಕಾದೀತು. ಅದು ಯಾರ ಊಟಕ್ಕೂ ಒದಗುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಮುರುವಿನ ಬಳಗದಲ್ಲಿ ಅತಿ ದೊಡ್ಡದಾದ ದೈತ್ಯಮುರು ಎರಡೂವರೆ ಮೀಟರಿಗೂ ಮೀರಿ ಬೆಳೆಯಬಲ್ಲುದು. ಭಾರತದಲ್ಲಿ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕೆ ದೊರೆಯಿತು, ಅದನ್ನು ಹಿಡಿಯುವಂತಿಲ್ಲ. ಆದರೆ ಗಾಳ ಕಚ್ಚುವ ಮೀನು ಮೊದಲೇ ಹೆಸರು ಹೇಳಿಕೊಂಡು ಬರುವುದಿಲ್ಲವಲ್ಲ! ಅಂಥದು ಸಿಕ್ಕಿದರೆ ಬೇಗನೆ ಬಿಡಿಸಿ ಕಳುಹಬೇಕು. ಬಲವಾದ ಕೋಲಿದ್ದರೆ ಹೋರಾಟ ಚಿಕ್ಕದಾಗಿ ಮೀನಿನ ದಣಿವು ಕಡಿಮೆಯಾಗುತ್ತದೆ. ಆದರೂ 30 ಮೀಟರ್ ಆಳದಿಂದ ಮೇಲೆ ಬಂದ ಮೀನಿನ ಒಡಲೊಳಗಿನ ಗಾಳಿಚೀಲ ನಾಲ್ಕರಷ್ಟು ಹಿಗ್ಗಲು ಹವಣಿಸುತ್ತದೆ. ಹಾಗೆಯೇ ಬಿಟ್ಟರೆ ಅದು ಮುಳುಗಲಾರದೆ ತೇಲುತ್ತದೆ. ಭಾರ ಕಟ್ಟಿದ ಹುರಿಯಿಂದ ಅದನ್ನು ಮತ್ತೆ ಆಳಕ್ಕಿಳಿಸಿ ಬಿಡಬೇಕು. ಅಂಥದೊಂದು ಹುರಿ ಕೋಲಿನೊಡನೆ ಚೀಲದಲ್ಲಿ ಇರಲೇಬೇಕು.

ಕೊಳ್ಳುವ ಮುನ್ನ ಕಡಲತೀರದ ದೋಣಿಯವರನ್ನೊಮ್ಮೆ ಕೇಳುವುದು ಜಾಣತನ. ತಾವು ಗಾಳ ಬಿಡುವ ಜಾಗದ ಆಳವೆಷ್ಟು, ತಳ ಮರಳೋ ಬಂಡೆಯೋ, ಅಲ್ಲಿ ಬೀಳುವ ಮೀನಿನ ತೂಕವೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಅವರು ಕೊಡುವ ಉತ್ತರದ ಮೇಲೆ ಕೋಲನ್ನು ಆರಿಸಿದರೆ ಅಂಗಡಿಯವನ ಹೊಗಳಿಕೆಗೆ ಕಿವಿಗೊಡಬೇಕಾದ ಪ್ರಮೇಯವೇ ಇರುವುದಿಲ್ಲ.